ಹಳೆಯ ಕಟ್ಟಡ ನೋಡೋದು ಹೇಗೆ: ಕಣ್ಣು ಮೊದಲು, ಕ್ಯಾಮೆರಾ ಆಮೇಲೆ

ಒಮ್ಮೆ ಒಂದು ಹಳೆಯ ದೇವಾಲಯಕ್ಕೆ ಹೋಗಿ ಎರಡು ಗಂಟೆಯಲ್ಲಿ ನಾನೂರು ಫೋಟೋ ತೆಗೆದುಕೊಂಡು ಬಂದೆ. ಮನೆಯಲ್ಲಿ ತೆರೆದು ನೋಡಿದರೆ ಯಾವ ಕಂಬ ಯಾವ ಕಡೆಯದು ಅನ್ನುವುದೇ ತಿಳಿಯಲಿಲ್ಲ. ಗೆಳೆಯರೊಬ್ಬರು "ಒಳಗಿನ ಚಾವಣಿ ಹೇಗಿದೆ?" ಎಂದು ಕೇಳಿದರು. ನೆನಪಾಗಲಿಲ್ಲ. ನಾನೂರರಲ್ಲಿ ಒಂದರಲ್ಲೂ ಚಾವಣಿ ಇರಲಿಲ್ಲ. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ತಲೆ ಎತ್ತಿರಲಿಲ್ಲ ನಾನು.

ತಪ್ಪು ಕ್ಯಾಮೆರಾದ್ದಲ್ಲ. ಫೋಟೋ ತೆಗೆದ ಕೂಡಲೇ ಮನಸ್ಸು "ಇದು ಆಯ್ತು" ಅಂದುಬಿಡುತ್ತದೆ. ನೋಡುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಅವತ್ತಿನಿಂದ ಕ್ರಮ ಬದಲಾಯಿಸಿಕೊಂಡೆ. ಮೊದಲು ಕಟ್ಟಡಕ್ಕೆ ಒಂದಿಷ್ಟು ಪ್ರಶ್ನೆ ಕೇಳುತ್ತೇನೆ. ಉತ್ತರ ಸಿಕ್ಕ ಕಡೆ ಫೋಟೋ ತೆಗೆಯುತ್ತೇನೆ. ಸಿಗದ ಕಡೆಯೂ ತೆಗೆಯುತ್ತೇನೆ, ಮನೆಯಲ್ಲಿ ಕೂತು ಹುಡುಕೋಣ ಅಂತ. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಫೋನ್ ಇದ್ದರೆ ಸಾಕು, ದೊಡ್ಡ ಕ್ಯಾಮೆರಾ ಬೇಕಿಲ್ಲ.

ಹಂತ 1: ಹೊರಡುವ ಮುನ್ನ ನಕ್ಷೆ ನೋಡಿ, ಫೋಟೋ ಬೇಡ

ಒಂದು ದಿನಕ್ಕೆ ಒಂದೇ ಕಟ್ಟಡ ಇಟ್ಟುಕೊಳ್ಳಿ. ಹೆಚ್ಚೆಂದರೆ ಎರಡು. ಐದು ಜಾಗ ಮುಗಿಸಿ ಬರುವವರಿಗೆ ಈ ಬರಹದಿಂದ ಜಾಸ್ತಿ ಉಪಯೋಗ ಇಲ್ಲ.

ಬೇರೆಯವರು ತೆಗೆದ ಫೋಟೋಗಳನ್ನು ಮೊದಲೇ ನೋಡಿಕೊಂಡು ಹೋದರೆ ಅಲ್ಲಿ ಹೋಗಿ ಅದೇ ಚಿತ್ರವನ್ನು ಹುಡುಕುತ್ತೀರಿ. ಅದರ ಬದಲು ಕಟ್ಟಡದ ನೆಲದ ನಕ್ಷೆ ನೋಡಿ. ಬಾಗಿಲು ಎಲ್ಲಿ, ಕಂಬಗಳ ಸಾಲು ಎಷ್ಟು, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು? ದಪ್ಪ ಗೋಡೆ ಕಂಡರೆ ಅದರ ಮೇಲೆ ಭಾರವಾದದ್ದೇನೋ ಕೂತಿದೆ ಎಂದು ಊಹಿಸಬಹುದು. ಅಲ್ಲಿ ಹೋಗಿ ಆ ಊಹೆ ಸರಿಯೋ ತಪ್ಪೋ ನೋಡುವುದೇ ಒಂದು ಆಟ.

ದಿಕ್ಕು ತಿಳಿದುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಹಿಂದೂ ದೇವಾಲಯಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ, ಹಾಗಾಗಿ ಮುಂಭಾಗಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ. ಯುರೋಪಿನ ಹಳೆಯ ಚರ್ಚುಗಳಲ್ಲಿ ಪೂಜಾಪೀಠ ಸಾಮಾನ್ಯವಾಗಿ ಪೂರ್ವಕ್ಕೆ, ಮುಖ್ಯ ಬಾಗಿಲು ಪಶ್ಚಿಮಕ್ಕೆ. ಅವಕ್ಕೆ ಮಧ್ಯಾಹ್ನದ ನಂತರದ ಬೆಳಕು ಬೇಕು. ಕಾಂಬೋಡಿಯಾದ ಅಂಕೋರ್ ವಾಟ್ ಕೂಡ ಪಶ್ಚಿಮಕ್ಕೆ ಮುಖ ಮಾಡಿದೆ. ಜನ ಅಲ್ಲಿಗೆ ಬೆಳಗಿನ ಜಾವವೇ ಹೋಗಿ ಗೋಪುರದ ಹಿಂದೆ ಹುಟ್ಟುವ ಸೂರ್ಯನ ಫೋಟೋ ತೆಗೆಯುತ್ತಾರೆ. ಚೆಂದವೇ. ಆದರೆ ಆ ಹೊತ್ತಿನಲ್ಲಿ ಕಟ್ಟಡ ಕಪ್ಪು ನೆರಳಷ್ಟೇ.

ಹಂತ 2: ದೂರದಿಂದ ಶುರು ಮಾಡಿ, ಒಂದು ಸುತ್ತು ಹಾಕಿ

ಮೊದಲ ಅರ್ಧ ಗಂಟೆ ಫೋನ್ ಜೇಬಿನಲ್ಲಿರಲಿ. ಕಷ್ಟ ಅಂತ ಗೊತ್ತು.

ಕಟ್ಟಡ ಪೂರ್ತಿ ಕಾಣುವಷ್ಟು ದೂರ ನಿಂತು ಅದರ ಹೊರಗೆರೆ ನೋಡಿ. ಕಣ್ಣನ್ನು ಸ್ವಲ್ಪ ಕಿರಿದು ಮಾಡಿದರೆ ಕೆತ್ತನೆ ಮರೆಯಾಗಿ ದೊಡ್ಡ ಆಕಾರ ಮಾತ್ರ ಉಳಿಯುತ್ತದೆ. ಪಟ್ಟದಕಲ್ಲು ಇದಕ್ಕೆ ಒಳ್ಳೆಯ ಜಾಗ. ಅಲ್ಲಿ 8ನೇ ಶತಮಾನದ ಎರಡು ಬಗೆಯ ಶಿಖರಗಳು ಒಂದೇ ಆವರಣದಲ್ಲಿ ನಿಂತಿವೆ. ಒಂದು ಮೆಟ್ಟಿಲು ಮೆಟ್ಟಿಲಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ ಏರುತ್ತದೆ. ಅದು ದ್ರಾವಿಡ. ಇನ್ನೊಂದು ಒಳಕ್ಕೆ ಬಾಗುತ್ತಾ ಒಂದೇ ಎಳೆತದಲ್ಲಿ ಮೇಲೆ ಹೋಗುತ್ತದೆ. ಅದು ನಾಗರ. ಹೆಸರು ಗೊತ್ತಿಲ್ಲದವರಿಗೂ ದೂರದಿಂದ ಈ ಎರಡೂ ಬೇರೆ ಅಂತ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಹತ್ತಿರ ಹೋದರೆ ಗೊತ್ತಾಗುವುದಿಲ್ಲ.

ಆಮೇಲೆ ಹೊರಗಿನಿಂದ ಪೂರ್ತಿ ಒಂದು ಸುತ್ತು. ಹಿಂಭಾಗವನ್ನು ಬಿಡಬೇಡಿ. ಮುಂಭಾಗ ಬಂದವರಿಗೆ ತೋರಿಸಲು ಮಾಡಿದ್ದು. ಕಟ್ಟಡ ಹೇಗೆ ಬೆಳೆಯಿತು, ಎಲ್ಲಿ ರಿಪೇರಿಯಾಯಿತು ಅನ್ನುವುದು ಹಿಂದೆಯೇ ಕಾಣುವುದು.

ಹಂತ 3: ಇದು ಬೀಳದೆ ಹೇಗೆ ನಿಂತಿದೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಶೈಲಿಯ ಹೆಸರು, ರಾಜನ ಹೆಸರು ಫಲಕದಲ್ಲೇ ಇರುತ್ತದೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅನ್ನುವುದನ್ನು ನಿಮ್ಮ ಕಣ್ಣೇ ಹುಡುಕಬೇಕು.

ಎಲ್ಲಕ್ಕಿಂತ ಸರಳವಾದದ್ದು ಎರಡು ಕಂಬ, ಮೇಲೊಂದು ತೊಲೆ. ಕಲ್ಲು ಮೇಲಿನಿಂದ ಬೀಳುವ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಾಗಿಸಿದರೆ ಬಿರುಕು ಬಿಡುತ್ತದೆ. ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ತಳ ಸೀಳುವ ಭಯ. ಹಾಗಾಗಿ ಕಂಬಗಳು ಹತ್ತಿರ ಹತ್ತಿರ ಬರುತ್ತವೆ. ಕಲ್ಲಿನ ಮಂಟಪಗಳಲ್ಲಿ ಕಂಬಗಳ ಕಾಡೇ ಇರುವುದಕ್ಕೆ ಅಂದದ ಜೊತೆಗೆ ಇದೂ ಒಂದು ಕಾರಣ.

ಮುಂದಿನದು ಕಮಾನು. ಇಲ್ಲಿ ಆಕಾರ ನೋಡಿ ಮೋಸ ಹೋಗಬೇಡಿ, ಕಲ್ಲುಗಳ ನಡುವಿನ ಸಂದು ನೋಡಿ. ಸಂದುಗಳು ಬಿಸಣಿಗೆಯ ಕಡ್ಡಿಗಳ ಹಾಗೆ ಹರಡಿದ್ದರೆ ಅದು ನಿಜವಾದ ಕಮಾನು. ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ಸಂದುಗಳು ನೆಲಕ್ಕೆ ಸಮಾನಾಂತರವಾಗಿದ್ದರೆ ಅದು ಬೇರೆ ಉಪಾಯ. ಪ್ರತಿ ಸಾಲಿನ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚಿ, ಕೊನೆಗೆ ಎರಡೂ ಬದಿ ಕೂಡುವಂತೆ ಮಾಡಿದ್ದು. ದೆಹಲಿಯ ಕುತುಬ್ ಆವರಣದ ಮಸೀದಿಯ ಎತ್ತರದ ಕಮಾನುಗಳು ದೂರದಿಂದ ನಿಜವಾದ ಕಮಾನಿನಂತೆಯೇ ಕಾಣುತ್ತವೆ. ಹತ್ತಿರ ಹೋದರೆ ಸಾಲುಗಳು ಅಡ್ಡಡ್ಡ! ಹೊಸ ಆಕಾರ ಬೇಕು ಎಂದು ಕಟ್ಟಿಸಿದವರು ಕೇಳಿದ್ದಾರೆ, ಕಟ್ಟುವವರು ತಮಗೆ ಗೊತ್ತಿದ್ದ ಹಳೆಯ ರೀತಿಯಲ್ಲೇ ಕಟ್ಟಿಕೊಟ್ಟಿದ್ದಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ದೆಹಲಿಯ ಸುಲ್ತಾನ ಬಲ್ಬನ್‌ನ ಗೋರಿ ಇದೆ, 13ನೇ ಶತಮಾನದ ಕೊನೆಯದು. ಅಲ್ಲಿನ ಕಮಾನಿನ ಸಂದುಗಳು ಬಿಸಣಿಗೆಯಂತೆ ಹರಡಿವೆ. ನೂರು ವರ್ಷದೊಳಗೆ ಕೈಗಳು ಹೊಸ ವಿದ್ಯೆ ಕಲಿತದ್ದು ಕಲ್ಲಿನಲ್ಲೇ ಕಾಣುತ್ತದೆ, ಅಲ್ವಾ?

ಕಮಾನು ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ. ಹಾಗಾಗಿ ಕಮಾನು ಕಂಡಲ್ಲೆಲ್ಲ "ಪಕ್ಕದ ತಳ್ಳನ್ನು ಯಾರು ತಡೆದಿದ್ದಾರೆ?" ಎಂದು ಹುಡುಕಿ. ದಪ್ಪ ಗೋಡೆ ಇರಬಹುದು, ಪಕ್ಕದ ಇನ್ನೊಂದು ಕಮಾನು ಇರಬಹುದು. ಫ್ರಾನ್ಸಿನ ಶಾರ್ತ್ರ್ ಚರ್ಚಿನಲ್ಲಿ ಗೋಡೆಯ ಹೊರಗೆ ಅರ್ಧ ಕಮಾನುಗಳು ಜೇಡದ ಕಾಲಿನಂತೆ ಚಾಚಿಕೊಂಡಿವೆ. ಅಲಂಕಾರ ಎಂದುಕೊಂಡು ಎಷ್ಟೋ ಜನ ಮುಂದೆ ಹೋಗುತ್ತಾರೆ. ಒಳಗಿನ ಕಲ್ಲಿನ ಚಾವಣಿ ಹೊರಕ್ಕೆ ತಳ್ಳುವುದನ್ನು ತಡೆದು ನೆಲಕ್ಕೆ ಇಳಿಸುವುದು ಅವೇ. ಆ ಭಾರ ಹೊರಗೆ ಹೋದದ್ದರಿಂದಲೇ ಗೋಡೆಯನ್ನು ಕೊರೆದು ಅಷ್ಟು ದೊಡ್ಡ ಬಣ್ಣದ ಗಾಜಿನ ಕಿಟಕಿಗಳನ್ನು ಇಡಲು ಆಯಿತು. ಒಳಗಿನ ಬೆಳಕಿನ ಫೋಟೋ ತೆಗೆಯುವವರು ಹೊರಗೆ ಹೋಗಿ ಆ ಕಾಲುಗಳದ್ದೂ ಒಂದು ತೆಗೆಯಲಿ ಅಂತ ನನ್ನ ಆಸೆ.

ಇನ್ನು ಗುಮ್ಮಟ. ಇಲ್ಲೊಂದು ಒಗಟು ಇದೆ. ಕೋಣೆ ಚೌಕ, ಗುಮ್ಮಟ ದುಂಡಗೆ. ನಾಲ್ಕು ಮೂಲೆಗಳಲ್ಲಿ ಗುಮ್ಮಟದ ಅಂಚಿಗೆ ಆಧಾರ ಎಲ್ಲಿ? ಮೂರು ಕಟ್ಟಡಗಳು ಇದಕ್ಕೆ ಮೂರು ಉತ್ತರ ಕೊಡುತ್ತವೆ.

ರೋಮಿನ ಪ್ಯಾಂಥಿಯನ್ 2ನೇ ಶತಮಾನದ ಮೊದಲ ಭಾಗದ್ದು. ಅದು ಒಗಟನ್ನೇ ತಪ್ಪಿಸಿಕೊಂಡಿತು, ಗೋಡೆಯನ್ನೇ ದುಂಡಗೆ ಕಟ್ಟಿದರು. ಗುಮ್ಮಟದ ಅಡ್ಡಳತೆ ಸುಮಾರು 43 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಒಂದು ಪೂರ್ತಿ ಚೆಂಡು ಕೂರುತ್ತದೆ. ಮೇಲೆ ಹೋದಂತೆಲ್ಲ ಕಾಂಕ್ರೀಟಿಗೆ ಹಗುರವಾದ ಕಲ್ಲು ಬೆರೆಸಿದ್ದಾರೆ, ತುದಿಯಲ್ಲಿ ತೂತೇ ಬಿಟ್ಟಿದ್ದಾರೆ. ಮಳೆ ಒಳಗೆ ಬೀಳುತ್ತದೆ, ನೆಲದಲ್ಲಿ ನೀರು ಹೋಗಲು ಸಣ್ಣ ಕಂಡಿಗಳಿವೆ.

ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ 532ರಿಂದ 537ರ ನಡುವೆ ಎದ್ದದ್ದು. ಅಲ್ಲಿ ನಾಲ್ಕು ದೊಡ್ಡ ಕಮಾನು ನಿಲ್ಲಿಸಿ, ಅವುಗಳ ನಡುವಿನ ಮೂಲೆಗಳನ್ನು ಹಾಯಿಪಟದಂತೆ ಬಾಗಿದ ತ್ರಿಕೋನಗಳಿಂದ ತುಂಬಿದರು. ಆ ತ್ರಿಕೋನಗಳ ತಲೆಗಳು ಸೇರಿ ದುಂಡಗಿನ ಅಂಚು ಬಂತು. ಅದರ ಬುಡದಲ್ಲಿ 40 ಕಿಟಕಿ. ಬೆಳಕು ಬಿದ್ದಾಗ ಗುಮ್ಮಟ ತೇಲಿದಂತೆ ಕಾಣುತ್ತದೆ. ಆದರೆ ಮೊದಲ ಗುಮ್ಮಟ ತುಂಬ ಚಪ್ಪಟೆಯಾಗಿತ್ತು. ಚಪ್ಪಟೆಯಾದಷ್ಟೂ ಪಕ್ಕಕ್ಕೆ ತಳ್ಳುವುದು ಜಾಸ್ತಿ. ಭೂಕಂಪಗಳ ನಂತರ 558ರಲ್ಲಿ ಅದು ಕುಸಿಯಿತು. ಮತ್ತೆ ಕಟ್ಟುವಾಗ ಎತ್ತರ ಮಾಡಿದರು.

ವಿಜಯಪುರದ ಗೋಲಗುಮ್ಮಟದಲ್ಲಿ, ಅಂದರೆ 17ನೇ ಶತಮಾನದಲ್ಲಿ, ಎಂಟು ಕಮಾನುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟರೆ ನಕ್ಷತ್ರ ಬರುತ್ತದಲ್ಲ, ಹಾಗೆ. ಅವು ಕೂಡಿದ ಕಡೆ ಒಳಕ್ಕೆ ಚಾಚಿದ ಅಂಚಿನ ಮೇಲೆ ಗುಮ್ಮಟ ಕೂತಿದೆ. ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಎಲ್ಲರೂ ಮೇಲೆ ಹತ್ತಿ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗುತ್ತಾರೆ. ನೀವು ಹತ್ತುವ ಮೊದಲು ಕೆಳಗೆ ಒಂದು ಮೂಲೆಯಲ್ಲಿ ನಿಂತು, ಚೌಕ ಹೇಗೆ ಎಂಟು ಮೂಲೆಯಾಗಿ, ಎಂಟು ಮೂಲೆ ಹೇಗೆ ದುಂಡಗಾಗುತ್ತದೆ ಎಂದು ನಿಧಾನವಾಗಿ ಕಣ್ಣಾಡಿಸಿ. ಒಮ್ಮೆ ಹಿಡಿತಕ್ಕೆ ಸಿಕ್ಕರೆ ಮುಂದೆ ಯಾವ ಗುಮ್ಮಟದ ಕೆಳಗೆ ನಿಂತರೂ ಮೊದಲು ಮೂಲೆಯನ್ನೇ ನೋಡುತ್ತೀರಿ.

ಹಂತ 4: ಯಾವುದರಿಂದ ಕಟ್ಟಿದ್ದಾರೆ?

ಬೇಲೂರು, ಹಳೇಬೀಡಿನ ಕೆತ್ತನೆಯಲ್ಲಿ ಸರದ ಮಣಿಗಳು ಸಹ ಬಿಡಿಬಿಡಿಯಾಗಿ ಕಾಣುವುದಕ್ಕೆ ಶಿಲ್ಪಿಯ ಕೈಚಳಕ ಒಂದೇ ಕಾರಣವಲ್ಲ. ಅದು ಬಳಪದ ಕಲ್ಲು, ಉಳಿಗೆ ಮೆತ್ತಗೆ ಸಿಗುತ್ತದೆ. ತಂಜಾವೂರಿನ ಬೃಹದೀಶ್ವರ ಗ್ರಾನೈಟಿನದು, 1010ರ ಹೊತ್ತಿಗೆ ಮುಗಿದದ್ದು. ಅಷ್ಟು ಗಟ್ಟಿ ಕಲ್ಲಿನಲ್ಲಿ ಮಣಿ ಬಿಡಿಸುವ ಹಟಕ್ಕೆ ಹೋಗಿಲ್ಲ, ಗಾತ್ರದಿಂದಲೇ ಗೆದ್ದಿದ್ದಾರೆ. ಇವೆರಡರಲ್ಲಿ ಯಾವುದು ಮೇಲು ಎಂದು ವಾದ ಮಾಡುವವರಿಗೆ ನಾನು ಕೇಳುವುದು ಒಂದೇ: ಕಲ್ಲು ಮುಟ್ಟಿ ನೋಡಿದ್ದೀರಾ? (ಮುಟ್ಟಲು ಬಿಡುವ ಕಡೆ ಮಾತ್ರ, ಶಿಲ್ಪವನ್ನಂತೂ ಬೇಡ. ಕೈಯ ಬೆವರು, ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ.)

ಕಲ್ಲಿನಲ್ಲಿ ಮರದ ನೆನಪನ್ನೂ ಹುಡುಕಿ. ಮಹಾರಾಷ್ಟ್ರದ ಭಾಜಾ ಗುಹೆಯಲ್ಲಿ ಬಂಡೆಯನ್ನೇ ಕೊರೆದು ಕೋಣೆ ಮಾಡಿದ್ದಾರೆ. ಅಲ್ಲಿ ಸೂರು ಹೊರಲು ಏನೂ ಬೇಕಿಲ್ಲ. ಆದರೂ ಕಂಬಗಳು ಒಳಕ್ಕೆ ವಾಲಿವೆ, ಮರದ ಕಟ್ಟಡದಲ್ಲಿ ವಾಲುವ ಹಾಗೆ. ಕಾರ್ಲಾದ ಗುಹೆಯ ಚಾವಣಿಯಲ್ಲಿ ಮರದ ಪಕ್ಕೆಗಳೇ ಇವತ್ತಿಗೂ ಇವೆ. ಕೈಗೆ ಬಂದ ಅಭ್ಯಾಸ ಸುಲಭಕ್ಕೆ ಹೋಗುವುದಿಲ್ಲ.

ಹಂತ 5: ಹೊಲಿಗೆ ಕಂಡ ಕಡೆ ನಿಲ್ಲಿ

ಹಳೆಯ ಕಟ್ಟಡ ಒಂದೇ ದಿನದ್ದಲ್ಲ. ಕಲ್ಲಿನ ಬಣ್ಣ ಒಮ್ಮೆಲೇ ಬದಲಾಗುವ ಗೆರೆ, ಮುಚ್ಚಿದ ಕಿಟಕಿ, ಗೋಡೆಗೆ ಅಂಟಿಯೂ ಅಂಟದ ಕಂಬ, ಎಲ್ಲಿಗೂ ಹೋಗದ ಮೆಟ್ಟಿಲು: ಇವೆಲ್ಲ ಹೊಲಿಗೆಗಳು. ಬೇಲೂರಿನ ಚೆನ್ನಕೇಶವ ದೇವಾಲಯ ಶುರುವಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಮಂಟಪ ಆಗ ತೆರೆದೇ ಇತ್ತು. ಕಂಬಗಳ ನಡುವಿನ ಕಲ್ಲಿನ ಜಾಲಂಧ್ರಗಳು, ಅಂದರೆ ತೂತು ತೂತಿನ ಜಾಲರಿಗಳು, ಆಮೇಲೆ ಬಂದವು. ಹೊರಗೆ ನಿಂತು ಜಾಲಂಧ್ರವನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಒಳಗಿನ ಕತ್ತಲು ಹೋಗಿ ಬೇರೆಯೇ ಕಟ್ಟಡ ಕಾಣುತ್ತದೆ.

ಸಿಮೆಂಟಿನ ರಿಪೇರಿ ಇದ್ದರೆ ಅದನ್ನೂ ಗಮನಿಸಿ. ಹಳೆಯ ಸುಣ್ಣದ ಗಾರೆ ಮೆತ್ತಗಿರುತ್ತದೆ, ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ತೇವ ಪಕ್ಕದ ಹಳೆಯ ಇಟ್ಟಿಗೆಯಿಂದಲೇ ಹೊರಬರಬೇಕಾಗಿ ಇಟ್ಟಿಗೆ ಪುಡಿಯಾಗುತ್ತದೆ. ಒಳ್ಳೆಯದಾಗಲಿ ಎಂದು ಮಾಡಿದ ರಿಪೇರಿಯೇ ಗೋಡೆಯನ್ನು ತಿನ್ನುವುದನ್ನು ಹೀಗೆ ಎಷ್ಟೋ ಕಡೆ ಕಾಣಬಹುದು.

ಈ ಹಂತದಲ್ಲಿ ಕೂತು ಒಂದು ಸಣ್ಣ ಚಿತ್ರ ಬರೆಯಿರಿ. ಚಿತ್ರ ಬರೆಯಲು ಬರುವುದಿಲ್ಲ ಎನ್ನಬೇಡಿ, ನನಗೂ ಬರುವುದಿಲ್ಲ. ಒಂದು ಕಂಬ ಬರೆಯಲು ಹೊರಟರೆ ಅದರ ಬುಡ ಚೌಕವೋ ದುಂಡೋ ಎಂದು ಮತ್ತೆ ನೋಡಲೇಬೇಕಾಗುತ್ತದೆ. ಅಷ್ಟೇ ಬೇಕಾದದ್ದು.

ಹಂತ 6: ಈಗ ಕ್ಯಾಮೆರಾ

ಹಿಂದೆ ಫಿಲ್ಮ್ ರೀಲಿನಲ್ಲಿ 36 ಫೋಟೋ ಬರುತ್ತಿತ್ತು. ಅಷ್ಟಕ್ಕೇ ನಿಲ್ಲಿಸುತ್ತೇನೆ ಎಂದು ನಿಮಗೆ ನೀವೇ ಹೇಳಿಕೊಳ್ಳಿ.

ಎಲ್ಲರೂ ಮಾಡುವ ತಪ್ಪು ಗೊತ್ತಲ್ಲ: ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುವುದು. ತುದಿ ಹಿಡಿಸಲೆಂದು ಫೋನನ್ನು ಮೇಲಕ್ಕೆ ಓರೆ ಮಾಡಿದಾಗ ನೇರ ಗೆರೆಗಳು ಮೇಲೆ ಹೋಗುತ್ತಾ ಹತ್ತಿರ ಬರುತ್ತವೆ. ಫೋನನ್ನು ನೆಟ್ಟಗೆ, ಗೋಡೆಗೆ ಸಮಾನಾಂತರವಾಗಿ ಹಿಡಿದರೆ ಈ ತೊಂದರೆ ಬರುವುದೇ ಇಲ್ಲ. ಪರದೆಯ ಮೇಲೆ ಗೆರೆಗಳು ಬರುವ ಗ್ರಿಡ್ ಆಯ್ಕೆ ಹಾಕಿಕೊಂಡು, ಕಂಬದ ಅಂಚನ್ನು ಗ್ರಿಡ್ ಗೆರೆಗೆ ಹೊಂದಿಸಿ. ತುದಿ ಕತ್ತರಿಸಿಹೋದರೆ ಓರೆ ಮಾಡಬೇಡಿ, ಹಿಂದಕ್ಕೆ ನಡೆಯಿರಿ. ಜಾಗ ಇಲ್ಲದಿದ್ದರೆ ಎದುರಿನ ಎತ್ತರದ ಜಗಲಿಗೋ ಮೆಟ್ಟಿಲಿಗೋ ಹತ್ತಿ. ಅದೂ ಆಗದಿದ್ದರೆ ವೈಡ್ ಲೆನ್ಸಿನಲ್ಲಿ ನೆಟ್ಟಗೆ ಹಿಡಿದು ತೆಗೆದು, ಕೆಳಗೆ ಹೆಚ್ಚಾದ ನೆಲವನ್ನು ಆಮೇಲೆ ಕತ್ತರಿಸಿ. ವೈಡ್ ಲೆನ್ಸ್ ಅಂಚಿನ ವಸ್ತುಗಳನ್ನು ಹಿಗ್ಗಿಸುತ್ತದೆ, ಹಾಗಾಗಿ ಅದು ಕೊನೆಯ ದಾರಿ.

ಆ್ಯಪಿನಲ್ಲಿ ನೇರ ಮಾಡುವ ಗುಂಡಿ ಇದೆಯಲ್ಲ ಎನ್ನಬಹುದು. ಇದೆ, ಸುಮ್ನೆ ಒತ್ತಬೇಡಿ. ತಾಜ್ ಮಹಲಿನ ನಾಲ್ಕು ಮಿನಾರುಗಳು ಸ್ವಲ್ಪ ಹೊರಕ್ಕೇ ವಾಲಿವೆ. ಗ್ರೀಸಿನ ಪಾರ್ಥೆನಾನ್‌ನ ತಳ ನಡುವೆ ತುಸು ಉಬ್ಬಿದೆ. ಪೀಸಾದ ಗೋಪುರವನ್ನು ನೇರ ಮಾಡಿದರೂ ಅದು ಬಾಳೆಕಾಯಿಯಂತೆ ಬಾಗಿಯೇ ಇರುತ್ತದೆ. ವಾಲಲು ಶುರುವಾದ ಮೇಲೆ ಕಟ್ಟುವವರು ಮೇಲಿನ ಅಂತಸ್ತುಗಳನ್ನು ಒಂದು ಬದಿ ಎತ್ತರ ಮಾಡಿ ಸರಿಪಡಿಸಲು ನೋಡಿದ್ದರು.

ಬೆಳಕಿನ ವಿಷಯಕ್ಕೆ ಬಂದರೆ, ಕೆತ್ತನೆಗೆ ಪಕ್ಕದಿಂದ ಸವರಿಕೊಂಡು ಬರುವ ಬಿಸಿಲು ಬೇಕು. ಹಳೇಬೀಡಿನ ಗೋಡೆ ತುಂಬ ಮೂಲೆಗಳಿರುವಂಥದ್ದು. ಬಿಸಿಲು ಸ್ವಲ್ಪ ಸರಿದರೂ ಒಂದು ಮುಖ ಬೆಳಗಿ ಇನ್ನೊಂದು ಮುಖ ನೆರಳಿಗೆ ಹೋಗುತ್ತದೆ. ಸವೆದ ಶಾಸನ ಓದಲೂ ಇದೇ ಉಪಾಯ. ಎದುರಿನಿಂದ ಬೆಳಕು ಬಿದ್ದರೆ ಅಕ್ಷರ ಮಾಯ, ಪಕ್ಕದಿಂದ ಬಿದ್ದರೆ ಪ್ರತಿ ಗೀರಿಗೂ ನೆರಳು. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ಉಜ್ಜುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಯಿರಿ, ಸೂರ್ಯನೇ ಬರುತ್ತಾನೆ. ಮೋಡದ ದಿನವೆಂದು ಬೇಜಾರು ಬೇಡ. ಕಪ್ಪು ಕಲ್ಲಿನ ಆಳವಾದ ಕೆತ್ತನೆಗೆ ಕೆಲವೊಮ್ಮೆ ಅದೇ ಒಳ್ಳೆಯದು, ಗವಿಯಂಥ ನೆರಳುಗಳು ಮೆತ್ತಗಾಗುತ್ತವೆ.

ಏನೇನು ತೆಗೆಯಬೇಕು? ಸುತ್ತಲಿನ ಜಾಗದೊಂದಿಗೆ ಕಟ್ಟಡ ಮೊದಲು. ಎರಡು ಬದಿ ಒಟ್ಟಿಗೆ ಕಾಣುವ ಮೂಲೆಯಿಂದ ಒಂದು, ಆಳ ಗೊತ್ತಾಗುವುದು ಅದರಲ್ಲೇ. ಆಮೇಲೆ ಹಂತ 3ರಲ್ಲಿ ಹುಡುಕಿದ ಸಂದು, ಮೂಲೆ, ಆಧಾರ. ವಿವರ ತೆಗೆಯುವ ಮೊದಲು ಅದು ಇರುವ ಗೋಡೆಯದ್ದೊಂದು ತೆಗೆಯಿರಿ, ಇಲ್ಲದಿದ್ದರೆ ನನ್ನ ನಾನೂರು ಫೋಟೋಗಳ ಗತಿಯೇ. ಒಂದೆರಡರಲ್ಲಿ ಮನುಷ್ಯರು ಇರಲಿ. ಜನ ಸರಿಯಲಿ ಎಂದು ಗಂಟೆಗಟ್ಟಲೆ ಕಾಯುವವರಿದ್ದಾರೆ, ಆದರೆ ಬಾಗಿಲು ಎಷ್ಟು ಎತ್ತರ ಎಂದು ಹೇಳುವುದು ಅದರ ಕೆಳಗೆ ನಿಂತ ಮನುಷ್ಯನೇ.

ಹಂತ 7: ಒಳಗಿನ ಕತ್ತಲು

ಒಳಗೆ ಹೋದ ಕೂಡಲೇ ಫೋಟೋ ಬೇಡ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಕೊಡಿ. ಫ್ಲ್ಯಾಶ್ ಆಫ್ ಮಾಡಿ. ದೂರದ ಚಾವಣಿಗೆ ಅದು ಮುಟ್ಟುವುದೇ ಇಲ್ಲ, ವರ್ಣಚಿತ್ರ ಇರುವ ಕಡೆ ಸಾಮಾನ್ಯವಾಗಿ ನಿಷೇಧವೂ ಇರುತ್ತದೆ. ಟ್ರೈಪಾಡಿಗೂ ಹಲವು ಕಡೆ ಅನುಮತಿ ಬೇಕು. ಹಾಗಾಗಿ ಬೆನ್ನನ್ನು ಖಾಲಿ ಗೋಡೆಗೆ ಆನಿಸಿ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡುತ್ತಾ ತೆಗೆಯಿರಿ. ಪರದೆಯ ಮೇಲೆ ಕಿಟಕಿಯ ಹತ್ತಿರದ ಬೆಳಕಿನ ಜಾಗವನ್ನು ಮುಟ್ಟಿ, ಫೋಟೋದ ಬೆಳಕಿನ ಮಟ್ಟ ಅಂದರೆ ಎಕ್ಸ್‌ಪೋಶರ್ ಇಳಿಸಿಕೊಳ್ಳಿ. ಕತ್ತಲು ಕತ್ತಲಾಗಿಯೇ ಉಳಿಯಲಿ. ಗರ್ಭಗುಡಿಯನ್ನು ಆಸ್ಪತ್ರೆಯ ವಾರ್ಡಿನಂತೆ ಬೆಳಗಿಸಿದ ಫೋಟೋ ಸುಳ್ಳು ಹೇಳುತ್ತದೆ. ಗರ್ಭಗುಡಿಯೊಳಗೆ ಕ್ಯಾಮೆರಾ ಬಿಡದ ಕಡೆ, ಬಿಡುವುದಿಲ್ಲ ಅಷ್ಟೇ. ವಾದ ಬೇಡ.

ಚಾವಣಿಗೆ ಒಂದು ಸುಲಭ ಉಪಾಯ. ಯಾರೂ ಓಡಾಡದ ಹೊತ್ತು ನೋಡಿ ಫೋನನ್ನು ನಡುಮಧ್ಯೆ ನೆಲದ ಮೇಲೆ ಮಲಗಿಸಿ, ಸೆಲ್ಫಿ ಕ್ಯಾಮೆರಾಗೆ ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ನೆಲ ಮಟ್ಟವಾಗಿದ್ದರೆ ಚಾವಣಿ ನೆಟ್ಟಗೆ ಬರುತ್ತದೆ, ಕುತ್ತಿಗೆಯೂ ಉಳಿಯುತ್ತದೆ.

ಹಂತ 8: ಮನೆಗೆ ಬಂದ ಮೇಲೆ

ಅವತ್ತೇ ರಾತ್ರಿ ಕೂತು ಪ್ರತಿ ಫೋಟೋಗೆ ಒಂದು ಸಾಲು ಬರೆಯಿರಿ: ಯಾವ ಕಡೆಯ ಗೋಡೆ, ಯಾವ ಭಾಗ, ಯಾಕೆ ತೆಗೆದಿರಿ. "ಯಾಕೆ" ಎನ್ನುವುದಕ್ಕೆ ಉತ್ತರ ಇಲ್ಲದ ಫೋಟೋವನ್ನು ಅಳಿಸಬಹುದು. ಫೈಲನ್ನು ಹಾಗೇ ಉಳಿಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಫೋಟೋವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ಜಾಗದ ಮಾಹಿತಿಯೂ ಹೋಗುತ್ತದೆ.

ಈಗ ಹಳೆಯ ಫೋಟೋಗಳನ್ನು ಹುಡುಕಿ. ಕಟ್ಟಡಗಳ ಫೋಟೋ ತೆಗೆಯುವ ಚಟ ಫೋಟೋಗ್ರಫಿಯಷ್ಟೇ ಹಳೆಯದು. 1851ರಲ್ಲೇ ಫ್ರಾನ್ಸಿನ ಸರ್ಕಾರ ಹಳೆಯ ಕಟ್ಟಡಗಳನ್ನು ದಾಖಲಿಸಲು ಐವರು ಫೋಟೋಗ್ರಾಫರುಗಳನ್ನು ಕಳಿಸಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದ. ಅದರಲ್ಲಿ ಕಲ್ಲಿನ ರಥವೂ ಇದೆ. ಆದರೆ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ! ಆಮೇಲೆ ಅದು ಹೋಯಿತು. ಇವತ್ತು ನಾವು "ಹಂಪಿ" ಎಂದಾಗ ನೆನಪಿಗೆ ಬರುವ ಆ ಚಪ್ಪಟೆ ತಲೆಯ ಆಕಾರ ಕಟ್ಟಿದವರು ಯೋಚಿಸಿದ್ದಲ್ಲ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನದ್ದೂ ಇಂಥದ್ದೇ ಕತೆ. 2019ರ ಏಪ್ರಿಲ್‌ನಲ್ಲಿ ಸುಟ್ಟು ಬಿದ್ದ ಚೂಪು ಶಿಖರ 19ನೇ ಶತಮಾನದಲ್ಲಿ ಕಟ್ಟಿದ್ದು. 1850ರ ಆಸುಪಾಸಿನ ಫೋಟೋಗಳಲ್ಲಿ ಆ ಜಾಗ ಖಾಲಿ.

ಅಂಥ ಒಂದು ಹಳೆಯ ಫೋಟೋ ಸಿಕ್ಕರೆ ಫೋನಿನಲ್ಲಿ ಹಾಕಿಕೊಂಡು ಮತ್ತೆ ಅಲ್ಲಿಗೇ ಹೋಗಿ. ಆ ಫೋಟೋಗ್ರಾಫರ್ ನಿಂತಿದ್ದ ಜಾಗವನ್ನು ಹುಡುಕಿ. ಹತ್ತಿರದ ಕಂಬದ ಅಂಚು ದೂರದ ಗೋಡೆಯ ಯಾವ ಕಲ್ಲಿಗೆ ತಾಗುತ್ತದೆ ಎಂದು ನೋಡುತ್ತಾ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಿಯಿರಿ. ಎರಡೂ ಸರಿಯಾಗಿ ಕೂಡಿದಾಗ ನಿಮ್ಮ ಪಾದ ಇರುವ ಕಡೆಯೇ ಆ ಮನುಷ್ಯನ ಕ್ಯಾಮೆರಾದ ಟ್ರೈಪಾಡ್ ಇತ್ತು. ನೆರಳು ಬಿದ್ದ ದಿಕ್ಕು ನೋಡಿದರೆ ಅವನು ಬಂದದ್ದು ಬೆಳಿಗ್ಗೆಯೋ ಸಂಜೆಯೋ ಎನ್ನುವುದೂ ತಿಳಿಯುತ್ತದೆ. ಅದೇ ಹೊತ್ತಿಗೆ ಕಾದು, ಫೋನನ್ನು ನೆಟ್ಟಗೆ ಹಿಡಿದು, ಒಂದೇ ಒಂದು ತೆಗೆಯಿರಿ.